ಆಸ್ಪತ್ರೆಯಲ್ಲಿ ತಪ್ಪಿಗೆ ದಾರಿಯಾಗುವ ಜಾಗಗಳನ್ನು ಮುಚ್ಚುವುದು ಹೇಗೆ?

ಒಬ್ಬ ರೋಗಿಗೆ ಪಕ್ಕದ ಹಾಸಿಗೆಯವರ ಇಂಜೆಕ್ಷನ್ ಹೋಯಿತು ಎಂದುಕೊಳ್ಳಿ. ಮರುದಿನ ಸಾಮಾನ್ಯವಾಗಿ ಏನಾಗುತ್ತದೆ? ಇಂಜೆಕ್ಷನ್ ಕೊಟ್ಟ ನರ್ಸಿಗೆ ನೋಟಿಸ್ ಹೋಗುತ್ತದೆ. ‘ಎಲ್ಲ ಸಿಬ್ಬಂದಿ ಎಚ್ಚರಿಕೆಯಿಂದ ಕೆಲಸ ಮಾಡತಕ್ಕದ್ದು’ ಎಂಬ ಸುತ್ತೋಲೆ ವಾರ್ಡ್ ವಾರ್ಡಿಗೂ ಹೋಗುತ್ತದೆ. ಅಲ್ಲಿಗೆ ವಿಷಯ ಮುಗಿಯಿತು. ಆದರೆ ಒಂದೇ ಹೆಸರಿನ ಇಬ್ಬರನ್ನು ಅಕ್ಕಪಕ್ಕ ಮಲಗಿಸಿದ್ದು, ಎರಡು ಔಷಧಗಳ ಶೀಷೆ ನೋಡಲು ಒಂದೇ ಥರ ಇದ್ದದ್ದು, ಆ ರಾತ್ರಿ ಇಡೀ ವಾರ್ಡಿಗೆ ಒಬ್ಬರೇ ನರ್ಸ್ ಇದ್ದದ್ದು ಯಾವುದೂ ಬದಲಾಗುವುದಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಅದೇ ತಪ್ಪು ಇನ್ನೊಬ್ಬರ ಕೈಯಿಂದ ಆಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಚಿಕಿತ್ಸೆಗೆ ಬರುವ ಪ್ರತಿ 10 ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಆ ಚಿಕಿತ್ಸೆಯಿಂದಲೇ ಏನಾದರೊಂದು ಹಾನಿಯಾಗುತ್ತದೆ. ಆ ಹಾನಿಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ತಡೆಯಬಹುದಾದದ್ದು. ತಡೆಯುವ ಕೆಲಸವನ್ನು ನಾಳೆಯಿಂದಲೇ ಶುರು ಮಾಡಬೇಕೆನ್ನುವ ನರ್ಸಿಂಗ್ ಮುಖ್ಯಸ್ಥರು, ವೈದ್ಯರು, ಆಡಳಿತಗಾರರಿಗಾಗಿ ಈ ಬರಹ. ದುಬಾರಿ ಯಂತ್ರಗಳಾಗಲಿ ಸಾಫ್ಟ್‌ವೇರ್ ಆಗಲಿ ಇಲ್ಲದಿದ್ದರೂ ಇದರಲ್ಲಿ ಬಹುಪಾಲನ್ನು ಮಾಡಬಹುದು.

ಮೊದಲು: ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಬಾರದು

ಇಡೀ ಆಸ್ಪತ್ರೆಯನ್ನು ಒಟ್ಟಿಗೆ ಬದಲಾಯಿಸಲು ಹೋಗಬೇಡಿ. ಒಂದೇ ವಾರ್ಡ್ ಆರಿಸಿಕೊಳ್ಳಿ. ಅಲ್ಲಿನ ಮುಖ್ಯ ನರ್ಸ್ ಮತ್ತು ಒಬ್ಬ ಹಿರಿಯ ವೈದ್ಯರು ಇಬ್ಬರಿಗೂ ಇದರಲ್ಲಿ ನಿಜವಾದ ಆಸಕ್ತಿ ಇರಬೇಕು. ಇಬ್ಬರಲ್ಲಿ ಒಬ್ಬರಷ್ಟೇ ಇದ್ದರೆ ಕೆಲಸ ಮುಂದೆ ಸಾಗುವುದಿಲ್ಲ.

ಆ ವಾರ್ಡಿನಲ್ಲಿ ಒಂದೇ ಪುಟದ ವರದಿ ಹಾಳೆ ಇಡಿ. ಅದರಲ್ಲಿ ಮೂರು ಪ್ರಶ್ನೆ ಸಾಕು: ಏನಾಯಿತು, ಏನಾಗಬಹುದಿತ್ತು, ಹಾನಿ ಯಾವುದರಿಂದ ತಪ್ಪಿತು ಅಥವಾ ಯಾಕೆ ತಪ್ಪಲಿಲ್ಲ. ಬರೆದವರ ಹೆಸರು ಕಡ್ಡಾಯವಾಗಿರಬಾರದು. ಹಾನಿಯಾದ ಘಟನೆಗಳಷ್ಟೇ ಅಲ್ಲದೆ ಸ್ವಲ್ಪದರಲ್ಲಿ ತಪ್ಪಿದ ಘಟನೆಗಳೂ ಅಲ್ಲಿಗೆ ಬರಬೇಕು. ತಪ್ಪು ಡೋಸ್ ಬರೆದದ್ದನ್ನು ಫಾರ್ಮಸಿಸ್ಟ್ ಹಿಡಿದರು, ಯಾರಿಗೂ ಏನೂ ಆಗಲಿಲ್ಲ ಎಂದು ಅದನ್ನು ಮರೆತುಬಿಟ್ಟರೆ, ಯಾರಿಗೂ ನೋವಾಗದೆ ಸಿಕ್ಕ ಮಾಹಿತಿಯನ್ನು ಕೈಬಿಟ್ಟಂತೆ.

ವರದಿ ಕೊಟ್ಟವರಿಗೆ ಒಂದು ವಾರದೊಳಗೆ ಉತ್ತರ ಹೋಗಲಿ. ‘ನೀವು ಹೇಳಿದ್ದಕ್ಕೆ ಇಂಥದ್ದನ್ನು ಬದಲಾಯಿಸಿದ್ದೇವೆ’ ಎನ್ನುವ ಎರಡು ಸಾಲು ಸಾಕು. ಪೆಟ್ಟಿಗೆಗೆ ಹಾಕಿದ ಹಾಳೆ ಎಲ್ಲಿ ಹೋಯಿತೋ ಗೊತ್ತಾಗದ ಕಡೆ ಎರಡನೇ ಹಾಳೆ ಯಾರೂ ಬರೆಯುವುದಿಲ್ಲ.

ಹಾಗಾದರೆ ಯಾರಿಗೂ ಶಿಕ್ಷೆಯೇ ಬೇಡವೇ ಎಂದು ಆಡಳಿತದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಮೂರು ಬಗೆಯನ್ನು ಬೇರೆ ಮಾಡಿ ನೋಡಬೇಕು. ಕೈತಪ್ಪು, ಮರೆವು ಯಾರಿಗಾದರೂ ಆಗುವಂಥದ್ದು. ಆ ವ್ಯಕ್ತಿಗೆ ಸಮಾಧಾನ ಹೇಳಿ ವ್ಯವಸ್ಥೆಯನ್ನು ಸರಿಪಡಿಸಬೇಕು. ಎಲ್ಲರೂ ರೂಢಿಯಿಂದ ಹಿಡಿದ ಅಡ್ಡದಾರಿ ಎರಡನೆಯದು. ಸರಿಯಾದ ದಾರಿ ಯಾಕೆ ಅಷ್ಟು ಕಷ್ಟವಾಗಿದೆ ಎಂದು ಅಲ್ಲಿ ಕೇಳಬೇಕು. ಅಪಾಯ ಗೊತ್ತಿದ್ದೂ ಲೆಕ್ಕಿಸದೆ ಮಾಡಿದ್ದು ಮೂರನೆಯದು, ಶಿಸ್ತುಕ್ರಮ ಇರಬೇಕಾದದ್ದು ಅದಕ್ಕೆ ಮಾತ್ರ. ಈ ಮೂರರ ವ್ಯತ್ಯಾಸವನ್ನು ಲಿಖಿತವಾಗಿ ಸಿಬ್ಬಂದಿಗೆ ಕೊಡಿ, ಬಾಯಿಮಾತಿನ ಭರವಸೆಯನ್ನು ಅವರು ನಂಬುವುದಿಲ್ಲ.

ಎದುರಿಗಿರುವವರು ಯಾರು ಎಂದು ಖಚಿತಪಡಿಸಿಕೊಳ್ಳಿ

ಔಷಧ, ರಕ್ತದ ಸ್ಯಾಂಪಲ್, ಸ್ಕ್ಯಾನ್, ಶಸ್ತ್ರಚಿಕಿತ್ಸೆ ಯಾವುದೇ ಇರಲಿ, ಮೊದಲು ಎರಡು ಗುರುತು ನೋಡಬೇಕು: ಪೂರ್ತಿ ಹೆಸರು, ಜೊತೆಗೆ ಹುಟ್ಟಿದ ದಿನಾಂಕ ಅಥವಾ ಆಸ್ಪತ್ರೆಯ ನೋಂದಣಿ ಸಂಖ್ಯೆ. ಹಾಸಿಗೆಯ ನಂಬರು ಗುರುತಲ್ಲ, ಅದು ಗಂಟೆಗೊಮ್ಮೆ ಬದಲಾಗಬಹುದು. ‘ನೀವು ಇಂಥವರು ಅಲ್ಲವೇ?’ ಎಂದು ಎಂದೂ ಕೇಳಬಾರದು. ಜ್ವರದಲ್ಲಿರುವವರು, ಕಿವಿ ಸರಿಯಾಗಿ ಕೇಳದವರು, ಭಯದಲ್ಲಿರುವವರು ಎಲ್ಲದಕ್ಕೂ ಹೂಂ ಎನ್ನುತ್ತಾರೆ. ‘ನಿಮ್ಮ ಪೂರ್ತಿ ಹೆಸರು ಹೇಳಿ’ ಎಂದು ಕೇಳಿ, ಕೈಗೆ ಕಟ್ಟಿದ ಗುರುತಿನ ಪಟ್ಟಿಯ (ಕೈಪಟ್ಟಿ) ಜೊತೆ ತಾಳೆ ನೋಡಿ. ಮಾತಾಡಲಾಗದವರಿಗೂ ಮಕ್ಕಳಿಗೂ ಕೈಪಟ್ಟಿಯೇ ಆಧಾರ.

ರಕ್ತದ ಸ್ಯಾಂಪಲ್ ವಿಷಯದಲ್ಲಿ ಒಂದು ನಿಯಮಕ್ಕೆ ವಿನಾಯಿತಿ ಕೊಡಬೇಡಿ: ಟ್ಯೂಬಿನ ಮೇಲೆ ಹೆಸರು ಬರೆಯುವುದು ರೋಗಿಯ ಹಾಸಿಗೆಯ ಪಕ್ಕದಲ್ಲೇ, ರಕ್ತ ತೆಗೆದ ಕೂಡಲೇ. ನಾಲ್ಕು ಜನರ ರಕ್ತ ತೆಗೆದು ಮೇಜಿಗೆ ಬಂದು ಲೇಬಲ್ ಅಂಟಿಸುವ ಅಭ್ಯಾಸದಿಂದಲೇ ಗುಂಪು ತಪ್ಪಿದ ರಕ್ತ ಹೋಗುವ ಅಪಾಯ ಹುಟ್ಟುತ್ತದೆ. ರಕ್ತ ಏರಿಸುವ ಮೊದಲು ಇಬ್ಬರು ಹಾಸಿಗೆಯ ಬಳಿಯೇ ನಿಂತು, ಚೀಲದ ವಿವರ ಮತ್ತು ಕೈಪಟ್ಟಿಯನ್ನು ಒಬ್ಬೊಬ್ಬರೇ ಸ್ವತಂತ್ರವಾಗಿ ಓದಿ ನೋಡಬೇಕು.

ಔಷಧ: ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ

ವಾರ್ಡಿನಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ನಡೆಯುವ ಕೆಲಸಗಳಲ್ಲಿ ಔಷಧ ಕೊಡುವುದೂ ಒಂದು. ಸರಿಯಾದ ರೋಗಿ, ಔಷಧ, ಡೋಸ್, ದಾರಿ (ಬಾಯಿಗೋ ರಕ್ತನಾಳಕ್ಕೋ), ಸಮಯ ಎಂಬ ಐದು ‘ಸರಿ’ಗಳನ್ನು ಓದುವಾಗಲೇ ಎಲ್ಲರೂ ಕಲಿತಿರುತ್ತಾರೆ. ಆದರೂ ತಪ್ಪಾಗುತ್ತದೆ. ಯಾಕೆಂದರೆ ಆ ಪಟ್ಟಿ ಏನು ಸರಿಯಿರಬೇಕು ಎಂದು ಹೇಳುತ್ತದೆ, ಸರಿಯಾಗಿಸುವುದು ಹೇಗೆ ಎಂದು ಹೇಳುವುದಿಲ್ಲ.

ಬರೆಯುವ ರೀತಿಯಿಂದ ಶುರು ಮಾಡಿ. 5 ಮಿಲಿಗ್ರಾಂ ಎನ್ನುವುದನ್ನು 5.0 ಎಂದು ಬರೆದರೆ, ಚುಕ್ಕೆ ಮಸುಕಾದಾಗ ಅದು 50 ಆಗುತ್ತದೆ. ಅರ್ಧ ಮಿಲಿಗ್ರಾಮನ್ನು ಚುಕ್ಕೆಗೆ ಮೊದಲು ಸೊನ್ನೆಯಿಲ್ಲದೆ .5 ಎಂದು ಬರೆದರೆ 5 ಆಗುತ್ತದೆ. ಆದ್ದರಿಂದ ಒಂದಕ್ಕಿಂತ ಕಡಿಮೆಯಿದ್ದರೆ ಚುಕ್ಕೆಗೆ ಮೊದಲು ಸೊನ್ನೆ ಕಡ್ಡಾಯ (0.5), ಪೂರ್ಣಸಂಖ್ಯೆಯ ನಂತರ ಚುಕ್ಕೆ ಸೊನ್ನೆ ನಿಷಿದ್ಧ. ಯೂನಿಟ್ ಎಂಬುದನ್ನು ಪೂರ್ತಿಯಾಗಿ ಬರೆಯಬೇಕು. ಅದಕ್ಕೆ ಬಳಸುವ ‘ಯು’ ಎಂಬ ಇಂಗ್ಲಿಷ್ ಅಕ್ಷರ ಅವಸರದ ಕೈಬರಹದಲ್ಲಿ ಸೊನ್ನೆಯಂತೆ ಕಂಡರೆ 10 ಯೂನಿಟ್ ಇನ್ಸುಲಿನ್ 100 ಆಗುತ್ತದೆ. ಮೈಕ್ರೋಗ್ರಾಂ ಕೂಡ ಪೂರ್ತಿಯಾಗಿ ಬರೆಯಬೇಕಾದ ಪದ. ಮಿಲಿಗ್ರಾಂ ಎಂದು ಓದಿಕೊಂಡರೆ ಡೋಸ್ ಸಾವಿರ ಪಟ್ಟು ಏರುತ್ತದೆ. ಮಕ್ಕಳ ಪ್ರತಿ ಚೀಟಿಯಲ್ಲೂ ಕಿಲೋಗ್ರಾಂನಲ್ಲಿ ತೂಕ ಇರಲಿ, ಡೋಸ್ ಲೆಕ್ಕ ಹಾಕಿದ ಕ್ರಮವೂ ಕಾಣಲಿ.

ಆಮೇಲೆ ಅಪಾಯದ ಔಷಧಗಳ ಪಟ್ಟಿ ಮಾಡಿ. ಇನ್ಸುಲಿನ್, ಹೆಪಾರಿನ್ ಮತ್ತಿತರ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳು, ಮಾರ್ಫಿನ್ ಜಾತಿಯ ನೋವುನಿವಾರಕಗಳು, ಗಾಢ ಪೊಟ್ಯಾಸಿಯಂ ಕ್ಲೋರೈಡ್, ಕ್ಯಾನ್ಸರ್ ಔಷಧಗಳು ಎಲ್ಲ ಕಡೆಯೂ ಈ ಪಟ್ಟಿಯಲ್ಲಿರುತ್ತವೆ. ಇವುಗಳಿಗೆ ಇಬ್ಬರ ಪರಿಶೀಲನೆ ಬೇಕು. ಆದರೆ ಮೊದಲನೆಯವರು ‘ನಾಲ್ಕು ಎಂಎಲ್ ತಾನೇ?’ ಎಂದು ತೋರಿಸಿ, ಎರಡನೆಯವರು ತಲೆಯಾಡಿಸುವುದು ಪರಿಶೀಲನೆ ಅಲ್ಲ. ಎರಡನೆಯವರು ಮೂಲ ಚೀಟಿ ನೋಡಿ ತಾವೇ ಲೆಕ್ಕ ಹಾಕಬೇಕು, ನಂತರ ಇಬ್ಬರ ಉತ್ತರವನ್ನೂ ಹೋಲಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಹಾಗಾಗಿ ಎಲ್ಲ ಔಷಧಗಳಿಗೂ ಇದನ್ನು ಹೇರದೆ, ನಿಜವಾಗಿ ಅಪಾಯವಿರುವ ಕೆಲವಕ್ಕೆ ಮಾತ್ರ ಇಟ್ಟುಕೊಳ್ಳಿ. ಎಲ್ಲದಕ್ಕೂ ಇಟ್ಟರೆ ಎಲ್ಲವೂ ಬರೀ ಸಹಿಯಾಗುತ್ತದೆ.

ಇನ್ನೂ ಒಳ್ಳೆಯ ದಾರಿ, ತಪ್ಪಿಗೆ ಅವಕಾಶವನ್ನೇ ತೆಗೆದುಬಿಡುವುದು. ಗಾಢ ಪೊಟ್ಯಾಸಿಯಂ ಕ್ಲೋರೈಡನ್ನು ದುರ್ಬಲಗೊಳಿಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲಬಹುದು. ಅದರ ಆಂಪೂಲ್ (ಸಣ್ಣ ಶೀಷೆ) ಮತ್ತು ಸಾಮಾನ್ಯ ಸಲೈನ್ ಆಂಪೂಲ್ ಒಂದೇ ಟ್ರೇಯಲ್ಲಿದ್ದರೆ ಎಷ್ಟು ಸುತ್ತೋಲೆ ಕಳಿಸಿದರೂ ಒಂದು ದಿನ ಅದಲುಬದಲಾಗುತ್ತದೆ. ಸಾಮಾನ್ಯ ವಾರ್ಡುಗಳಿಂದ ಅದನ್ನು ತೆಗೆದು, ಫಾರ್ಮಸಿಯಿಂದ ಬೆರೆಸಿದ ದ್ರಾವಣ ಮಾತ್ರ ಬರುವಂತೆ ಮಾಡಿದರೆ ವಾರ್ಡಿನಲ್ಲಿ ಆ ತಪ್ಪಿಗೆ ದಾರಿಯೇ ಉಳಿಯುವುದಿಲ್ಲ. ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧದ್ದೂ ಹೀಗೇ. ಅದು ರಕ್ತನಾಳಕ್ಕೆ ಮಾತ್ರ ಹೋಗಬೇಕಾದದ್ದು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಬದುಕುಳಿಯುವವರು ತೀರಾ ಅಪರೂಪ. ಅದನ್ನು ಸಿರಿಂಜಿನಲ್ಲಿ ಕಳಿಸದೆ ಸಣ್ಣ ಡ್ರಿಪ್ ಚೀಲದಲ್ಲಿ ಕಳಿಸಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಡ್ರಿಪ್ ಚೀಲ ಹಿಡಿದು ಬೆನ್ನಿಗೆ ಇಂಜೆಕ್ಷನ್ ಕೊಡಲು ಯಾರೂ ಹೋಗುವುದಿಲ್ಲ. ಪ್ರತಿ ಘಟನೆಯ ನಂತರವೂ ಈ ಬಗೆಯ ಪರಿಹಾರ ಸಾಧ್ಯವೇ ಎಂದು ಮೊದಲು ಕೇಳಿ. ತರಬೇತಿ, ಪೋಸ್ಟರ್, ಸುತ್ತೋಲೆಗಳು ಅದರ ನಂತರ.

ಮೆಥೊಟ್ರೆಕ್ಸೇಟ್ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಸಂಧಿವಾತಕ್ಕೆ ಇದನ್ನು ವಾರಕ್ಕೊಮ್ಮೆ ಕೊಡುತ್ತಾರೆ. ದಿನಕ್ಕೊಂದು ಎಂದು ತಿಳಿದು ನುಂಗಿದವರು ಪ್ರಾಣ ಕಳೆದುಕೊಂಡಿದ್ದಾರೆ. ಚೀಟಿಯಲ್ಲಿ ವಾರದ ಯಾವ ದಿನ ಎಂಬುದನ್ನೂ ಯಾವ ಕಾಯಿಲೆಗೆ ಎಂಬುದನ್ನೂ ಬರೆಯುವ ನಿಯಮ ಮಾಡಿ. ರೋಗಿಯಿಂದಲೇ ಆ ದಿನವನ್ನು ಬಾಯಿಬಿಟ್ಟು ಹೇಳಿಸಿ.

ಔಷಧ ತಯಾರಿಸುವ ಹೊತ್ತಿನಲ್ಲಿ ನರ್ಸನ್ನು ಕರೆಯುವುದನ್ನು ನಿಲ್ಲಿಸಿ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧ ಕೊಡುವಾಗಿನ ಪ್ರತಿಯೊಂದು ಅಡಚಣೆಯ ಜೊತೆ ತಪ್ಪುಗಳು ಸುಮಾರು 12%ರಷ್ಟು ಹೆಚ್ಚುವುದು ಕಂಡಿತ್ತು. ಫೋನು ಎತ್ತಲು, ಸಂಬಂಧಿಕರಿಗೆ ಉತ್ತರಿಸಲು ಆ ಅರ್ಧ ಗಂಟೆ ಬೇರೊಬ್ಬರನ್ನು ನೇಮಿಸುವುದು ಕಷ್ಟವೇನಲ್ಲ. ಸಿರಿಂಜಿಗೆ ತುಂಬಿದ ಔಷಧಕ್ಕೆ ಲೇಬಲ್ ಇಲ್ಲದಿದ್ದರೆ, ಅದು ಏನೆಂದು ನಿಮಗೆ ಎಷ್ಟೇ ಖಚಿತವಾಗಿದ್ದರೂ, ಎಸೆದುಬಿಡಿ.

ಅಲರ್ಜಿಯನ್ನು ಬರೆಯುವಾಗ ಔಷಧದ ಹೆಸರಿನ ಜೊತೆ ಏನಾಗಿತ್ತು ಎಂಬುದನ್ನೂ ಬರೆಯಿರಿ. ಹೊಟ್ಟೆ ತೊಳಸಿದ್ದು ಬೇರೆ, ಉಸಿರು ಕಟ್ಟಿದ್ದು ಬೇರೆ.

ಜವಾಬ್ದಾರಿ ಕೈ ಬದಲಾಗುವಾಗ

ಶಿಫ್ಟ್ ಬದಲಾದಾಗ, ಐಸಿಯುವಿನಿಂದ ವಾರ್ಡಿಗೆ ಬಂದಾಗ, ರಾತ್ರಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದಾಗ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಅಮೆರಿಕ ಮತ್ತು ಕೆನಡಾದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ವೈದ್ಯರ ಹ್ಯಾಂಡ್‌ಓವರಿಗೆ, ಅಂದರೆ ರೋಗಿಯ ಹೊಣೆಯನ್ನು ಮುಂದಿನವರಿಗೆ ಒಪ್ಪಿಸುವುದಕ್ಕೆ, ಒಂದು ನಿಗದಿತ ಕ್ರಮ ತಂದಾಗ ವೈದ್ಯಕೀಯ ತಪ್ಪುಗಳು 23%, ತಡೆಯಬಹುದಾದ ಹಾನಿ 30% ಇಳಿದವು ಎಂದು 2014ರಲ್ಲಿ ಪ್ರಕಟವಾಯಿತು. ಹೇಳುವ ಕ್ರಮ ಬದಲಾದದ್ದಕ್ಕೇ ಇಷ್ಟು ಫಲ.

ಫೋನಿನಲ್ಲಿ ಬಳಸಲು ನಾಲ್ಕು ಹಂತದ ಕ್ರಮ ಕಲಿಸಿ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು. ‘ಡಾಕ್ಟ್ರೇ, ಪೇಷಂಟ್ ಯಾಕೋ ಸರಿಯಿಲ್ಲ’ ಎಂಬ ಫೋನಿಗೂ ಈ ಫೋನಿಗೂ ಎಷ್ಟು ಅಂತರ ನೋಡಿ: ‘ಡಾಕ್ಟ್ರೇ, ಸರ್ಜರಿ ವಾರ್ಡಿಂದ ಸಿಸ್ಟರ್ ಮಾತಾಡ್ತಿರೋದು. ನಿನ್ನೆ ಕರುಳಿನ ಆಪರೇಷನ್ ಆದವರ ಉಸಿರು ನಿಮಿಷಕ್ಕೆ 28, ಬಿಪಿ 90ಕ್ಕೆ ಇಳಿದಿದೆ, ಬೆಳಿಗ್ಗೆ 130 ಇತ್ತು. ಸೋಂಕು ಏರ್ತಿದೆಯೇನೋ ಅಂತ ನನಗೆ ಭಯ. ನೀವು ಹತ್ತು ನಿಮಿಷದೊಳಗೆ ಬಂದು ನೋಡಬೇಕು.’ ಕೊನೆಯ ವಾಕ್ಯವನ್ನು ಹೇಳಲು ಕಿರಿಯ ನರ್ಸುಗಳು ಹಿಂಜರಿಯುತ್ತಾರೆ. ಅದನ್ನು ಹೇಳುವುದು ಅವರ ಕೆಲಸದ ಭಾಗ ಎಂದು ಹಿರಿಯ ವೈದ್ಯರೇ ಎಲ್ಲರೆದುರು ಹೇಳಬೇಕು.

ಫೋನಿನಲ್ಲಿ ಬಂದ ಆದೇಶವನ್ನು ಮೊದಲು ಬರೆದುಕೊಂಡು, ಆಮೇಲೆ ಬರೆದದ್ದನ್ನು ಓದಿ ಹೇಳಿ, ಆ ಕಡೆಯಿಂದ ‘ಸರಿ’ ಎನ್ನಿಸಿಕೊಳ್ಳಬೇಕು. ಲ್ಯಾಬಿನಿಂದ ಬರುವ ಅಪಾಯದ ಮಟ್ಟದ ಫಲಿತಾಂಶಕ್ಕೂ ಇದೇ ನಿಯಮ.

ಕೈ ಶುಚಿ ಮತ್ತು ಒಳಗಿಟ್ಟ ನಳಿಕೆಗಳು

1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಟ್ಸ್ ಸೆಮೆಲ್‌ವೈಸ್ ಎಂಬ ವೈದ್ಯರು ಅಲ್ಲಿನ ಇತರ ವೈದ್ಯರಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿದಾಗ ಬಾಣಂತಿಯರ ಸಾವು ಗಣನೀಯವಾಗಿ ಇಳಿಯಿತು. ಇಂದಿಗೂ ಆ ಕೆಲಸ ಪೂರ್ತಿಯಾಗಿಲ್ಲ. ರೋಗಿಯನ್ನು ಮುಟ್ಟುವ ಮೊದಲು, ಇಂಜೆಕ್ಷನ್ ಅಥವಾ ಡ್ರೆಸಿಂಗ್‌ನಂಥ ಶುದ್ಧ ಕೆಲಸದ ಮೊದಲು, ದೇಹದ ದ್ರವ ತಾಗಿದ ನಂತರ, ರೋಗಿಯನ್ನು ಮುಟ್ಟಿದ ನಂತರ, ಅವರ ಹಾಸಿಗೆ ಮೇಜು ಮುಟ್ಟಿದ ನಂತರ ಕೈ ಶುಚಿ ಮಾಡಬೇಕು. ಆಲ್ಕೊಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ 40ರಿಂದ 60. ಗ್ಲೌಸ್ ಹಾಕಿಕೊಂಡರೆ ಇದರಿಂದ ಬಿಡುಗಡೆ ಸಿಗುವುದಿಲ್ಲ. ಪ್ರತಿ ಹಾಸಿಗೆಗೂ ಕೈಗೆಟಕುವ ದೂರದಲ್ಲಿ ದ್ರಾವಣದ ಬಾಟಲಿ ಇಲ್ಲದೆ ಉಪದೇಶ ಮಾಡಬೇಡಿ.

ಐಸಿಯುವಿನಲ್ಲಿ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯಿಂದ ಬರುವ ಸೋಂಕಿಗೆ ವೈದ್ಯ ಪೀಟರ್ ಪ್ರೊನೊವೊಸ್ಟ್ ಮತ್ತು ಸಂಗಡಿಗರು ಅಮೆರಿಕದ ಮಿಷಿಗನ್‌ನಲ್ಲಿ ಐದೇ ಅಂಶಗಳ ಪಟ್ಟಿ ಬಳಸಿದರು: ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕದಿಂದ ಚರ್ಮ ಶುಚಿಗೊಳಿಸುವುದು, ಗೌನು ಮಾಸ್ಕ್ ಟೋಪಿ ಸಹಿತ ಪೂರ್ಣ ರಕ್ಷಣೆ, ಸಾಧ್ಯವಾದಷ್ಟು ತೊಡೆಯ ನಾಳ ಬಿಡುವುದು, ಬೇಡವಾದ ಕೂಡಲೇ ನಳಿಕೆ ತೆಗೆಯುವುದು. ಹೊಸದೇನೂ ಇರಲಿಲ್ಲ. ಆದರೆ ಒಂದು ಹಂತ ಬಿಟ್ಟರೂ ವೈದ್ಯರನ್ನು ತಡೆಯುವ ಅಧಿಕಾರ ನರ್ಸಿಗೆ ಇತ್ತು. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸೋಂಕು 66%ವರೆಗೂ ಇಳಿದಿತ್ತು. ನಿಮ್ಮಲ್ಲಿ ಪಟ್ಟಿಯನ್ನು ಮಾತ್ರ ತಂದು ಆ ಅಧಿಕಾರವನ್ನು ತಾರದೆ ಇದ್ದರೆ ಇಂಥ ಫಲ ನಿರೀಕ್ಷಿಸಬೇಡಿ. ಮೂತ್ರದ ಕ್ಯಾತಿಟರ್ ಸೇರಿದಂತೆ ಪ್ರತಿ ನಳಿಕೆಯ ಬಗ್ಗೆಯೂ ದಿನದ ರೌಂಡ್ಸ್‌ನಲ್ಲಿ ‘ಇದು ಇವತ್ತೂ ಬೇಕೇ?’ ಎಂದು ಒಬ್ಬರು ಕೇಳಲೇಬೇಕು.

ಆಪರೇಷನ್ ಥಿಯೇಟರ್

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸಾ ಪರಿಶೀಲನಾ ಪಟ್ಟಿಯಲ್ಲಿ 19 ಅಂಶಗಳು, ಮೂರು ನಿಲುಗಡೆಗಳಿವೆ: ಅರಿವಳಿಕೆ ಕೊಡುವ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಥಿಯೇಟರಿನಿಂದ ಹೊರಡುವ ಮೊದಲು. ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ನೋಡಿದಾಗ ಸಾವಿನ ಪ್ರಮಾಣ 1.5%ರಿಂದ 0.8%ಕ್ಕೆ, ತೊಡಕುಗಳು 11%ರಿಂದ 7%ಕ್ಕೆ ಇಳಿದವು. ಆದರೆ ಕೆನಡಾದ ಒಂಟಾರಿಯೊದಲ್ಲಿ ಇದೇ ಬಗೆಯ ಪಟ್ಟಿ ನೂರಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ಬಂದ ಮೇಲೆ ಅಂಥ ಇಳಿಕೆ ಕಾಣಲಿಲ್ಲ ಎಂದು 2014ರಲ್ಲಿ ವರದಿಯಾಯಿತು. ಪಟ್ಟಿ ಹೇಗೆ ಬಳಕೆಯಾಗುತ್ತದೆ ಎಂಬುದೇ ಮುಖ್ಯ ಎಂದು ನನ್ನ ಅಭಿಪ್ರಾಯ. ಆಪರೇಷನ್ ಮುಗಿದ ಮೇಲೆ ಒಬ್ಬರು ಕೂತು ಎಲ್ಲ ಚೌಕಕ್ಕೂ ಗುರುತು ಹಾಕಿದರೆ ಅದು ಬರೀ ಕಾಗದ. ಕೊಯ್ಯುವ ಮೊದಲು ಎಲ್ಲರೂ ಕೈ ನಿಲ್ಲಿಸಬೇಕು, ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು, ಯಾವ ಕಡೆಯ ಯಾವ ಅಂಗ ಎಂಬುದನ್ನು ಗಟ್ಟಿಯಾಗಿ ಓದಬೇಕು. ಒಮ್ಮೆ ಬಾಯಿಬಿಟ್ಟು ಹೆಸರು ಹೇಳಿದ ಕಿರಿಯರಿಗೆ ಆಮೇಲೆ ‘ಸರ್, ಸ್ಪಂಜಿನ ಲೆಕ್ಕ ತಾಳೆ ಆಗ್ತಿಲ್ಲ’ ಎನ್ನಲು ಧೈರ್ಯ ಬರುತ್ತದೆ.

ಹದಗೆಡುತ್ತಿರುವುದನ್ನು ಬೇಗ ಗುರುತಿಸಿ

ಹೃದಯ ನಿಲ್ಲುವುದಕ್ಕೆ ಗಂಟೆಗಳ ಮೊದಲೇ ದೇಹ ಅನೇಕ ಸಲ ಸೂಚನೆ ಕೊಟ್ಟಿರುತ್ತದೆ. ಉಸಿರಾಟದ ವೇಗ, ಆಕ್ಸಿಜನ್ ಮಟ್ಟ, ಬಿಪಿ, ನಾಡಿ, ಜ್ವರ, ಎಚ್ಚರದ ಸ್ಥಿತಿ ಇವಿಷ್ಟಕ್ಕೆ ಅಂಕ ಕೊಟ್ಟು ಕೂಡಿಸುವ ಚಾರ್ಟ್ ಬಳಸಿ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಇಂಥದ್ದೊಂದನ್ನು ತಂದು 2017ರಲ್ಲಿ ಪರಿಷ್ಕರಿಸಿದೆ. ಯಾವ ಅಂಕಕ್ಕೆ ಯಾರನ್ನು, ಎಷ್ಟು ಹೊತ್ತಿನೊಳಗೆ ಕರೆಯಬೇಕು ಎಂಬುದು ಚಾರ್ಟಿನ ಮೇಲೆಯೇ ಇರಲಿ. ಉಸಿರನ್ನು ಗಡಿಯಾರ ನೋಡಿ ಎಣಿಸಿ. ಎಲ್ಲ ರೋಗಿಗಳ ಚಾರ್ಟಿನಲ್ಲೂ ಒಂದೇ ಸಂಖ್ಯೆ ಕಂಡರೆ ಯಾರೂ ಎಣಿಸಿಲ್ಲ ಎಂದರ್ಥ.

ಬೀಳುವ ಅಪಾಯವಿರುವವರ ಹಾಸಿಗೆ ತಗ್ಗಿನಲ್ಲಿರಲಿ, ಶೌಚಕ್ಕೆ ಕರೆದೊಯ್ಯಲು ಅವರು ಕೇಳುವವರೆಗೆ ಕಾಯಬೇಡಿ. ಮಗ್ಗುಲು ಬದಲಾಯಿಸಲಾಗದವರನ್ನು ಹೊತ್ತುಹೊತ್ತಿಗೆ ತಿರುಗಿಸಿ ಮಲಗಿಸಿ, ತಿರುಗಿಸಿದ ಸಮಯ ಬರೆದಿಡಿ.

ರೋಗಿ ಮತ್ತು ಮನೆಯವರನ್ನು ಜೊತೆಗೆ ಸೇರಿಸಿಕೊಳ್ಳಿ

ದಿನವಿಡೀ ಹಾಸಿಗೆಯ ಪಕ್ಕದಲ್ಲಿರುವವರು ಮನೆಯವರು. ‘ಅಪ್ಪ ಇವತ್ತು ಎಂದಿನಂತಿಲ್ಲ’ ಎಂದು ಮಗಳು ಹೇಳಿದರೆ ಅದನ್ನು ಮಾಹಿತಿಯೆಂದೇ ತೆಗೆದುಕೊಂಡು ಮತ್ತೊಮ್ಮೆ ಪರೀಕ್ಷಿಸಿ. ‘ಈ ಮಾತ್ರೆ ಬೆಳಿಗ್ಗೆ ಬೇರೆ ಬಣ್ಣದ್ದಿತ್ತಲ್ಲ?’ ಎಂದು ರೋಗಿ ಕೇಳಿದರೆ, ಮಾತ್ರೆ ಕೊಡುವುದನ್ನು ನಿಲ್ಲಿಸಿ ಚೀಟಿ ನೋಡಿ, ಕೇಳಿದ್ದಕ್ಕೆ ಧನ್ಯವಾದ ಹೇಳಿ.

ಸೇರುವಾಗ ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಎಲ್ಲ ಔಷಧಗಳ ಪಟ್ಟಿ ಮಾಡಿ, ನಾಟಿ ಔಷಧವನ್ನೂ ಅಂಗಡಿಯಿಂದ ತಾವೇ ತಂದದ್ದನ್ನೂ ಸೇರಿಸಿ. ಡಿಸ್ಚಾರ್ಜ್ ದಿನ ಆ ಪಟ್ಟಿಯನ್ನು ಹೊಸದರ ಪಕ್ಕದಲ್ಲಿಟ್ಟು ಯಾವುದು ಮುಂದುವರಿಯುತ್ತದೆ, ಯಾವುದು ನಿಂತಿದೆ, ಯಾವುದರ ಡೋಸ್ ಬದಲಾಗಿದೆ ಎಂದು ಬರೆದುಕೊಡಿ. ಇನ್ನೂ ಬರಬೇಕಾದ ಲ್ಯಾಬ್ ವರದಿ ಇದ್ದರೆ ಅದನ್ನು ಯಾರು ನೋಡಿ ಯಾರಿಗೆ ತಿಳಿಸುತ್ತಾರೆ ಎಂಬುದೂ ಅದರಲ್ಲಿರಬೇಕು. ‘ಅರ್ಥವಾಯಿತೇ?’ ಎಂದು ಕೇಳದೆ, ‘ಮನೆಗೆ ಹೋದಮೇಲೆ ಹೇಗೆ ತಗೋತೀರಿ, ಒಮ್ಮೆ ನನಗೆ ಹೇಳಿ’ ಎಂದು ಕೇಳಿ.

ಹಾನಿ ಆಗಿಯೇ ಹೋದರೆ

ಮೊದಲು ರೋಗಿಯನ್ನು ನೋಡಿಕೊಳ್ಳಿ. ಬಳಸಿದ ಶೀಷೆ, ಸಿರಿಂಜು, ಪಂಪು ಯಾವುದನ್ನೂ ಎಸೆಯಬೇಡಿ. ಕೇಸ್ ಶೀಟನ್ನು ತಿದ್ದಬೇಡಿ. ಅದೇ ದಿನ ಹಿರಿಯ ವೈದ್ಯರೊಬ್ಬರು ಮನೆಯವರ ಜೊತೆ ಕೂತು, ಗೊತ್ತಿರುವಷ್ಟನ್ನು ಸರಳವಾಗಿ ಹೇಳಿ, ಕ್ಷಮೆ ಕೇಳಬೇಕು. ತನಿಖೆ ಹೇಗೆ ನಡೆಯುತ್ತದೆ, ಮತ್ತೆ ಯಾವಾಗ ಭೇಟಿ ಎಂಬುದನ್ನೂ ತಿಳಿಸಬೇಕು. ಮುಚ್ಚಿಟ್ಟದ್ದು ಆಮೇಲೆ ಹೊರಬಂದಾಗ ಆಗುವ ನೋವು ಮೊದಲಿನದಕ್ಕಿಂತ ದೊಡ್ಡದು.

ತಪ್ಪು ಯಾರ ಕೈಯಿಂದ ಆಯಿತೋ ಅವರನ್ನು ಒಂಟಿಯಾಗಿ ಬಿಡಬೇಡಿ. ನಿದ್ದೆಗೆಡುವುದು, ಮತ್ತೆ ಕೆಲಸ ಮುಟ್ಟಲು ಕೈ ನಡುಗುವುದು, ವೃತ್ತಿಯನ್ನೇ ಬಿಡುವುದು ಇವೆಲ್ಲ ಆಗುತ್ತವೆ. ಅಂದಿನ ಉಳಿದ ಡ್ಯೂಟಿಯಿಂದ ಅವರನ್ನು ಬಿಡಿಸಿ, ನಂಬಿಕೆಯ ಸಹೋದ್ಯೋಗಿಯೊಬ್ಬರನ್ನು ಜೊತೆಗೆ ಕೊಡಿ.

ತನಿಖೆಯನ್ನು ಕಚೇರಿಯಲ್ಲಿ ಕೂತು ಮಾಡಬೇಡಿ. ಘಟನೆ ನಡೆದ ಜಾಗಕ್ಕೆ, ಸಾಧ್ಯವಾದರೆ ಅದೇ ಹೊತ್ತಿಗೆ ಹೋಗಿ. ಅಲ್ಲಿನ ಬೆಳಕು ಎಷ್ಟಿದೆ, ಔಷಧದ ಕಪಾಟು ಎಲ್ಲಿದೆ, ಎಷ್ಟು ಜನ ಡ್ಯೂಟಿಯಲ್ಲಿದ್ದಾರೆ ನೋಡಿ. ‘ಸಿಬ್ಬಂದಿಯ ಅಜಾಗರೂಕತೆ’ ಎಂದು ವರದಿ ಮುಗಿದರೆ ಅದನ್ನು ವಾಪಸ್ ಕಳಿಸಿ.

ಸುಧಾರಣೆಯನ್ನು ಅಳೆಯುವಾಗ

ವರದಿಗಳ ಸಂಖ್ಯೆಯನ್ನು ಯಶಸ್ಸಿನ ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಹೆದರಿಕೆ ಕಡಿಮೆಯಾದ ವಾರ್ಡಿನಲ್ಲಿ ಮೊದಲ ತಿಂಗಳುಗಳಲ್ಲಿ ವರದಿಗಳು ಏರುತ್ತವೆ. ಇದನ್ನು ಆಡಳಿತ ಮಂಡಳಿಗೆ ಮೊದಲೇ ಹೇಳಿಡಿ. ಇಲ್ಲವಾದರೆ ‘ನೀವು ಬಂದಮೇಲೆ ತಪ್ಪು ಹೆಚ್ಚಾಗಿದೆ’ ಎಂದು ಇಡೀ ಪ್ರಯತ್ನವನ್ನೇ ನಿಲ್ಲಿಸುತ್ತಾರೆ. ಎಣಿಸಬೇಕಾದದ್ದು ಬೇರೆ: ಸಾವಿರ ನಳಿಕೆ ದಿನಗಳಿಗೆ (ಒಬ್ಬರಿಗೆ ಒಂದು ದಿನ ನಳಿಕೆ ಇದ್ದರೆ ಒಂದು ನಳಿಕೆ ದಿನ) ಎಷ್ಟು ಸೋಂಕು, ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಒತ್ತುಹುಣ್ಣು ಹೊಸದಾಗಿ ಎಷ್ಟು, ಅಪಾಯದ ಅಂಕ ಬಂದ ಎಷ್ಟು ರೋಗಿಗಳನ್ನು ಚಾರ್ಟಿನಲ್ಲಿ ಹೇಳಿದ ಹೊತ್ತಿನೊಳಗೆ ವೈದ್ಯರು ನೋಡಿದರು. ಎರಡೋ ಮೂರೋ ಅಳತೆ ಸಾಕು. ತಿಂಗಳು ತಿಂಗಳು ಅದೇ ಅಳತೆಯನ್ನು ವಾರ್ಡಿನ ಗೋಡೆಯ ಮೇಲೆ ಸಿಬ್ಬಂದಿಗೆ ಕಾಣುವಂತೆ ಹಾಕಿ. ಆ ಅಂಕಿಗಳು ಕೆಲವು ತಿಂಗಳು ಸ್ಥಿರವಾಗಿ ಇಳಿದ ಮೇಲೆ ಎರಡನೇ ವಾರ್ಡಿಗೆ ಹೋಗಿ. ಹೋಗುವಾಗ ಮೊದಲ ವಾರ್ಡಿನ ನರ್ಸುಗಳನ್ನೇ ಕಲಿಸುವವರನ್ನಾಗಿ ಕರೆದುಕೊಂಡು ಹೋಗಿ.